ಹಿಕ್ಕೆಯ ಗಂಟು ಮತ್ತು ಬಲಗೈ ತೋಳು

"ನಾಳೆಯಿಂದ ನಮ್ಮ ಗಿಡಗಳು ಅಂಗಡಿ ಗೊಬ್ಬರ ಮೂಸಿಯೂ ನೋಡಲ್ಲ. ದ್ರವಗೊಬ್ಬರ ನಾನೇ ತಯಾರಿಸ್ತೀನಿ. ನೀವ್ಯಾರೂ ಒಂದು ಕಡ್ಡಿ ಎತ್ತಿಡಬೇಕಾಗಿಲ್ಲ."

ಶನಿವಾರ ಊಟಕ್ಕೆ ಕೂತ ಗಂಡ ಹೀಗೆ ಘೋಷಿಸಿದಾಗ ಹೆಂಡತಿ ಬಡಿಸಲು ಎತ್ತಿದ ಸೌಟನ್ನು ಪಾತ್ರೆಗೇ ಇಳಿಸಿದಳು. ಅವನು ಒಬ್ಬನೇ ಮಾಡುತ್ತೇನೆಂದು ಹೊರಟ ಕೆಲಸಕ್ಕೆ ಮನೆಮಂದಿಯೆಲ್ಲ ಸಾಲುತ್ತಿರಲಿಲ್ಲ.

"ಇವನು ಮಾಡೋದು ಅಂದ್ರೆ ನಾವು ತೊಳೆಯೋದು ಅಂತ," ಎಂದು ಅತ್ತೆ ತಟ್ಟೆಯಿಂದ ತಲೆ ಎತ್ತದೆಯೇ ಹೇಳಿದರು.

ಹೆಂಡತಿ ಹೊಲಿಗೆಯವಳು. ನಡುಮನೆಯ ಮೇಜೇ ಅವಳ ಅಂಗಡಿ. ಒಂದು ವಾದ್ಯತಂಡಕ್ಕೆ ಬಿಳಿ ಅಂಗಿಗಳನ್ನು ಹೊಲಿಯುತ್ತಿದ್ದಳು, ಕೊನೆಯದೊಂದು ಉಳಿದಿತ್ತು. ಭಾನುವಾರ ಸಂಜೆಯೊಳಗೆ ಎಲ್ಲವೂ ಕೈಸೇರಿದರೆ ಇನ್ನು ಮುಂದೆ ತಂಡದ ಹೊಲಿಗೆಯೆಲ್ಲ ಅವಳದು, ಒಂದು ಕಡಿಮೆಯಾದರೂ ಪೇಟೆಯ ಟೈಲರನದು ಎಂದು ತಂಡದ ಯಜಮಾನ ಮೊದಲೇ ಹೇಳಿದ್ದ.

ಭಾನುವಾರ ಬೆಳಿಗ್ಗೆ ಗಂಡ ಬೀದಿಯ ಕೊನೆಯಲ್ಲಿ ಆಡು ಸಾಕಿದವಳ ಹತ್ತಿರ ಒಂದು ಚೀಲ ಹಿಕ್ಕೆ ಕೇಳಿ ತಂದ. ಹಿಕ್ಕೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ಇಳಿಬಿಟ್ಟರೆ ಸಾರವೆಲ್ಲ ಚಹಾದಂತೆ ಇಳಿಯುತ್ತದಂತೆ.

"ಏ ಇವಳೇ, ಡ್ರಮ್ ಎಲ್ಲಿದೆ?"

ಮೆಷಿನ್ ನಿಂತಿತು. "ಯಾವ ಡ್ರಮ್?"

"ಸಿಕ್ತು ಬಿಡು."

ಸಿಕ್ಕಿದ್ದು ಬಟ್ಟೆ ನೆನೆಹಾಕುವ ಡ್ರಮ್ಮು. ವಾರದ ಕೊಳೆಬಟ್ಟೆಯೆಲ್ಲ ಬಚ್ಚಲ ಮೂಲೆಯಲ್ಲಿ ರಾಶಿ ಬಿತ್ತು. ಆಮೇಲೆ ಕೋಲು ಎಲ್ಲಿದೆ, ದಾರ ಎಲ್ಲಿದೆ, ನೀರು ಎಷ್ಟು ಹಿಡಿಸುತ್ತೆ. ಒಂದೊಂದು ಪ್ರಶ್ನೆಗೂ ಮೆಷಿನ್ ನಿಲ್ಲುತ್ತಿತ್ತು. ಕೊನೆಗೆ ಗಂಡ ಏನನ್ನೂ ಕೇಳದಾದ. ಅವಳು ಹೆದರಬೇಕಾಗಿದ್ದದ್ದು ಆಗ.

ಅಡುಗೆಗೆ ಇಟ್ಟು ಬಂದು ನೋಡಿದರೆ ಕತ್ತರಿಸಿಟ್ಟಿದ್ದ ಬಲಗೈ ತೋಳು ಮಾಯ. ಮೆಷಿನ್ ಕೆಳಗೆ ಹುಡುಕಿದಳು, ಚಾಪೆ ಕೊಡವಿದಳು, ಅತ್ತೆಯನ್ನೂ ಕುರ್ಚಿಯಿಂದ ಎಬ್ಬಿಸಿದಳು.

"ರೀ, ಇಲ್ಲೊಂದು ತೋಳಿತ್ತು."

"ಯಾರದ್ದು?"

"ಅಂಗೀದು ರೀ. ಬಲಗೈದು."

"ತೋಳು ಗೀಳು ನಾನು ಕಂಡಿಲ್ಲ. ಮೇಜಿನ ಮೇಲೊಂದು ತುಂಡು ಬಿದ್ದಿತ್ತು, ಅಷ್ಟೆ."

ಇಷ್ಟು ವರ್ಷ ಹೊಲಿಗೆಯವಳೊಡನೆ ಸಂಸಾರ ಮಾಡಿದ ಮಹಾನುಭಾವನಿಗೆ ಕತ್ತರಿ ತಾಗಿದ್ದೆಲ್ಲ ಚಿಂದಿಯೇ. ತೋಳು ಹೊಟ್ಟೆತುಂಬ ಹಿಕ್ಕೆ ತುಂಬಿಕೊಂಡು, ಎರಡೂ ತುದಿ ಕಟ್ಟಿಸಿಕೊಂಡು, ಕಂದು ನೀರಿನಲ್ಲಿ ಸುಖವಾಗಿ ತೇಲುತ್ತಿತ್ತು.

"ಒಗೆದ್ರೆ ಹೋಗುತ್ತೆ ಬಿಡೇ."

"ಎಲ್ಲಿ ಒಗೀಲಿ? ಈ ಡ್ರಮ್ಮಲ್ಲಾ?"

ಬಟ್ಟೆ ಅಂಗಡಿಗೆ ಭಾನುವಾರ ರಜೆ. ತಂದಿಟ್ಟಿದ್ದ ಬಿಳಿ ಬಟ್ಟೆಯ ಥಾನು ಮುಗಿದಿತ್ತು. ಅದೇ ಥಾನಿನ ಬಟ್ಟೆ ಮನೆಯಲ್ಲಿ ಇನ್ನೊಂದೇ ಕಡೆ ಇತ್ತು: ಸೋಮವಾರದ ಆಫೀಸು ಸಮಾರಂಭಕ್ಕೆಂದು ಅವಳೇ ಗಂಡನಿಗೆ ಹೊಲಿದು ಇಸ್ತ್ರಿ ಮಾಡಿಟ್ಟ ಅಂಗಿ. ಗಂಡ ಗೊಬ್ಬರ ತಯಾರಿಸಿದ ದಣಿವಿಗೆ ಗೊರಕೆ ಹೊಡೆಯುತ್ತಿದ್ದ. ಅವಳು ಕತ್ತರಿ ಕೈಗೆತ್ತಿಕೊಂಡಳು.

ಸಂಜೆ ಬಂದ ತಂಡದ ಯಜಮಾನ ಅಂಗಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದ. "ಅಕ್ಕಾ, ಮುಂದಿನ ಜೊತೆ ಅಂಗಿಗಳಿಗೆ ಅಳತೆ ಯಾವತ್ತು ತಗೋತೀರಿ?" ಎಂದ.

ಬೆಳಗಾಯಿತು. ಕೋಣೆಯಿಂದ ಗಂಡನ ಕೂಗು.

"ನನ್ನ ಅಂಗಿಯ ಬೆನ್ನೆಲ್ಲಿ?"

"ತೋಳಾಗಿ ವಾದ್ಯ ಬಾರಿಸೋಕೆ ಹೋಗಿದೆ."

"ಬೇರೆ ಅಂಗಿ ಕೊಡು ಮತ್ತೆ."

"ಎಲ್ಲಾ ಕೊಳೆ. ಡ್ರಮ್ಮಲ್ಲಿ ನಿಮ್ಮ ಗೊಬ್ಬರ ನೆನೀತಿದೆ."

"ಮೇಲೊಂದು ಕೋಟು ಹಾಕ್ಕೋ ಮಗನೇ," ಎಂದರು ಅತ್ತೆ. "ಮುಂದ್ಗಡೆಯಿಂದ ದೊಡ್ಡ ಮನುಷ್ಯನ ಹಾಗೇ ಕಾಣ್ತೀಯ."

ಸಂಜೆ ಅವನು ಕೋಟಿನ ಗುಂಡಿಗಳನ್ನೆಲ್ಲ ಬಿಗಿದುಕೊಂಡೇ ಬೆವರಿಳಿಸುತ್ತ ಬಂದ. "ಫ್ಯಾನ್ ಕೆಟ್ಟಿತ್ತು. ಒಬ್ಬೊಬ್ಬರೂ ಬಂದು, ಕೋಟು ತೆಗೀರಿ ಸಾರ್, ಕೋಟು ತೆಗೀರಿ ಸಾರ್…"

"ತೆಗೆದ್ರಾ?"

ಅವನು ಕೋಟು ಕಳಚದೆಯೇ ಹಿತ್ತಲಿಗೆ ನಡೆದ. ಯಾರೂ ಹೇಳದೆಯೇ ಗೊಬ್ಬರದ ನೀರನ್ನು ತೆಳುಮಾಡಿ ಗಿಡಗಳಿಗೆ ಹಾಕಿದ. ಡ್ರಮ್ಮನ್ನು ತಿಕ್ಕಿ ತೊಳೆದ. ಬಟ್ಟೆ ನೆನೆಹಾಕಿದ. ಒದ್ದೆ ಕೈಯಲ್ಲಿ ಒಳಗೆ ಬಂದವನು ಕೈ ಒರೆಸಲೆಂದು ಮೆಷಿನ್ ಕೆಳಗೆ ಬಿದ್ದಿದ್ದ ಬಟ್ಟೆಗೆ ಬಗ್ಗಿದ. ಬಗ್ಗಿದವನು ಹಾಗೆಯೇ ನಿಂತ. ಎರಡೇ ಬೆರಳಲ್ಲಿ ಅದನ್ನೆತ್ತಿ ಅವಳ ಮುಂದೆ ಹಿಡಿದ.

"ಒಂದ್ಸಲ ನೋಡಿ ಹೇಳೇ. ಇದು ತುಂಡಾ, ತೋಳಾ?"