ಮಾಮಾನ ಕಾರಿನ ಬಾಯಾರಿಕೆ

ನಮ್ಮ ಮಾಮಾ ಗಾಳಿ ನೋಡಿ ಪ್ರಯಾಣ ಹೊರಡುವ ಮನುಷ್ಯ. ಹಡಗು ಓಡಿಸುತ್ತಾರೆಂದು ತಿಳಿಯಬೇಡಿ. ಬೀದರಿಗೆ ಸಮುದ್ರವನ್ನು ಎಲ್ಲಿಂದ ತರೋಣ? ಓಡಿಸುವುದು ಒಂದು ಹಳೆಯ ಕಾರು, ಹೋದ ಮಳೆಗಾಲದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಬಂದ ದಿನದಿಂದಲೇ ಅದು ಪೆಟ್ರೋಲನ್ನು ಗಟಗಟ ಕುಡಿಯತೊಡಗಿತು. ಎದುರುಗಾಳಿಯೇ ಇದಕ್ಕೆ ಕಾರಣವೆಂದು ತೀರ್ಮಾನಿಸಿದ ಮಾಮಾ, ಗಾಳಿಯ ದಿಕ್ಕು ತಿಳಿಯಲು ಹೆಗಲ ಮೇಲಿನ ಟವೆಲನ್ನು ಮೈಲೂರಿನ ಮನೆಯ ಗೇಟಿಗೆ ಕಟ್ಟಿಬಿಟ್ಟರು.

"ಏಳೋ ಅಳಿಯಾ, ಗಾಳಿ ಭಾಲ್ಕಿ ಕಡಿ ಹೊಂಟದ!"

"ಭಾಲ್ಕ್ಯಾಗ ನಮಗೇನು ಕೆಲಸ ಅದರಿ ಮಾಮಾ?"

"ಕೆಲಸ ಹಾದ್ಯಾಗ ಹುಡುಕೋಣು, ಮೊದಲ ಏಳು!"

ಹೋದೆವು, ಚಹಾ ಕುಡಿದೆವು. ಬರುವಾಗ ಗಾಳಿ ಎದುರು! ದಾರಿಯ ಹಲಬರ್ಗಾದಲ್ಲಿ ಕಾರು ನಿಲ್ಲಿಸಿ, ಗಾಳಿ ತಿರುಗುವ ತನಕ ಕಾಯೋಣವೆಂದರು. ಬೇವಿನ ಎಲೆ ನೋಡುತ್ತ ಎಷ್ಟೊತ್ತು ಕೂಡುವುದು? ನಾನು ಬಸ್ ಹತ್ತಿ ಮನೆಗೆ ಬಂದೆ.

ಆಮೇಲೆ ಕಳ್ಳರ ಮೇಲೆ ಅನುಮಾನ ಬಂತು. ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿದರು. ಮರುದಿನವೇ ಅದರ ಕೀಲಿ ಕಳೆಯಿತು. ಪೆಟ್ರೋಲ್ ಬಂಕಿನಲ್ಲಿ ನಮ್ಮ ಹಿಂದೆ ನಿಂತ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದರೆ ಮಾಮಾ ಮಾತ್ರ ಹೆಮ್ಮೆಯಿಂದ, "ನೋಡಿದ್ಯಾ, ನನಗಽ ತಗೀಲಿಕ್ಕಿ ಬರಲಿಲ್ಲ, ಕಳ್ಳಗ ಹ್ಯಾಂಗ ಬರ್ತದ?" ಎಂದರು.

ಮೂರನೆಯ ಆರೋಪಿ ಭಾರ. ಹಿಂದಿನ ಸೀಟು ಕಿತ್ತು ಪಡಸಾಲೆಯಲ್ಲಿಟ್ಟರು. ಮನೆಗೆ ಬಂದ ಬೀಗರು ಅದರ ಮೇಲೆ ಕೂತು ಸೀಟ್ ಬೆಲ್ಟ್ ಹುಡುಕಿದರು! ಅತ್ತೆಯ ರೊಟ್ಟಿಯ ಗಂಟನ್ನೂ ಇಳಿಸಲು ಹೋದಾಗ ಅತ್ತೆ ಸಿಡಿದರು.

"ಭಾರ ಇಳಸೋದಿದ್ರ ಮೊದಲ ನೀವು ಇಳೀರಿ! ಈ ವಾರ ಗಾಡಿ ರೋಗ ಸಿಗಲಿಲ್ಲಂದ್ರ ಮಾರಿಬಿಡ್ರಿ. ನಾ ಬಸ್ಸಿನಾಗ ಹೋಗ್ತೇನಿ."

ಮಾಮಾನ ಮುಖ ಬಾಡಿತು. ಅತ್ತೆಗೆ ದಮ್ಮಿನ ಕಾಯಿಲೆ. ಚೀಲದಲ್ಲಿ ಸದಾ ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧದ ಪಂಪು. ಹಾಗಿದ್ದೂ ತಾಯಿಯನ್ನು ನೋಡಲು ವಾರಕ್ಕೊಮ್ಮೆ ಠಾಣಾ ಕುಶನೂರಿಗೆ ಹೋಗದೆ ಇರುವವರಲ್ಲ. ತುಂಬಿದ ಬಸ್ಸಿನಲ್ಲಿ ಅವರು ಹೋಗುವುದೆಂದರೇನು!

ಮಾಮಾ ಕಾರನ್ನು ಮೆಕ್ಯಾನಿಕ್ ಚಾಚಾನ ಬಳಿ ಒಯ್ದರು. ಅವರು ಎಲ್ಲ ಬಿಚ್ಚಿ ನೋಡಿ, "ಗಾಡಿ ಏಕದಂ ಠೀಕ್ ಅದರಿ ಸಾಹೇಬ್" ಎಂದರು. ಒಳ್ಳೆಯ ಸುದ್ದಿ ಕೇಳಿ ಅಷ್ಟು ದುಃಖಪಟ್ಟವರನ್ನು ನಾನು ಕಂಡಿಲ್ಲ.

ಕೊನೆಗೆ ಕುಶನೂರಿಗೆ ನಾನೂ ಹೊರಟೆ, ಸೀಟಿಲ್ಲದ ಹಿಂಭಾಗದಲ್ಲಿ, ಚಾಪೆಯ ಮೇಲೆ. ದಾರಿಯಲ್ಲಿ ಕಾರು ಚೆನ್ನಾಗಿಯೇ ಓಡಿತು. ಅತ್ತೆಯನ್ನು ತವರಿನ ಬಾಗಿಲಲ್ಲಿ ಇಳಿಸಿದ ಮಾಮಾ, "ಗಾಡಿ ನೆಳ್ಳಿಗಿ ಹಚ್ಚಿ ಬರ್ತೇನಿ" ಎಂದು ಹೋದವರು ಬರಲೇ ಇಲ್ಲ. ಊಟವಾಯಿತು, ಹರಟೆಯಾಯಿತು, ಸಂಜೆಯ ಚಹಾ ಬಂತು. ಕಪ್ಪು ಹಿಡಿದು ಹುಡುಕಿಕೊಂಡು ಹೋದೆ. ಊರ ಅಂಚಿನ ತೊಗರಿ ಹೊಲದ ಬದಿಯಲ್ಲಿ ಕಾರು ನಿಂತಿದೆ, ಇಂಜಿನ್ ಗುರ್ರೆನ್ನುತ್ತಿದೆ, ಮಾಮಾ ಒಳಗೆ ಕೂತಿದ್ದಾರೆ!

"ಮಾಮಾ! ಮಧ್ಯಾಹ್ನದಿಂದ ಹಿಂಗಽ ಚಾಲೂ ಇಟ್ಟೀರೇನ್ರಿ?"

"ಹೂಂ. ಪ್ರತಿ ವಾರ ಇಡ್ತೇನಿ. ಯಾಕ?"

"ರೋಗ ಸಿಕ್ತು! ರೋಗ ಸಿಕ್ತು!" ಎಂದು ನಾನು ಕುಣಿದಾಡಿದೆ.

"ಏ ಹುಚ್ಚಾ, ಗಾಲಿ ತಿರಗಲಾರದ ಪೆಟ್ರೋಲ್ ಹ್ಯಾಂಗ ಸುಡ್ತದೋ?"

ಇಂಥವರಿಗೆ ಏನು ಹೇಳುವುದು? ಬಿಡಿಸಿ ಹೇಳಿ, ಬಂದ್ ಮಾಡಿರೆಂದು ಕೀಲಿಗೆ ಕೈ ಹಾಕಿದೆ. ಮಾಮಾ ನನ್ನ ಕೈ ಹಿಡಿದುಬಿಟ್ಟರು.

"ಬ್ಯಾಡೋ. ಹೋದ ಬ್ಯಾಸಿಗ್ಯಾಗ ಇದಽ ಊರಾಗ ಆಕಿಗಿ ದಮ್ಮು ಎದ್ದಿತ್ತು. ಆವತ್ತು ಕೇಳಿ ತಂದ ಜೀಪು ಬಂದ್ ಮಾಡಿ ನಿಂದರಿಸಿದ್ದೆ. ಎಷ್ಟು ನೂಕಿದ್ರೂ ಚಾಲೂ ಆಗಲಿಲ್ಲ. ಆಕಿ ಉಸಿರಿಗಿ ಒದ್ದಾಡ್ಲಿಕ್ಕತ್ತಿದ್ಲು, ನಾ ಹುಚ್ಚನಾಂಗ ಜೀಪು ನೂಕ್ಲಿಕ್ಕತ್ತಿದ್ದೆ. ಹೊಗಿ ಆಕಿಗಿ ಆಗಂಗಿಲ್ಲ, ಅದಕ್ಕಽ ಗಾಡಿ ಇಷ್ಟು ದೂರ ಹಚ್ಚೇನಿ."

ನಾನು ಹೊರಟದ್ದನ್ನು ನೋಡಿ ಬೆನ್ನಿಗೇ ಬಂದಿದ್ದ ಅತ್ತೆ ಹಿಂದೆಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಬಂದ್ ಮಾಡ್ರಿ," ಎಂದರು.

"ಮತ್ತ ಚಾಲೂ ಆಗಲಿಲ್ಲಂದ್ರ?"

"ಆವತ್ತೂ ನೀವು ಹೊರಗಽ ಇದ್ರಿ. ಇಲ್ಲಿ ಗಾಡಿ ಕಾಯ್ಕೋತ ಕೂತ್ರ ನನ್ನ ಕೈ ಹಿಡಿಯವ್ರು ಯಾರ್ರಿ? ಒಳಗ ಬಂದು ನನ್ನ ಬಾಜೂಕ ಕೂಡ್ರಿ."

ಮಾಮಾ ಇಂಜಿನ್ ಬಂದ್ ಮಾಡಿ ಇಳಿದರು. ತುಸು ದೂರ ಹೋದವರು ಓಡಿ ಬಂದು ಮತ್ತೆ ಕೀಲಿ ತಿರುಗಿಸಿದರು. ಗರ್ರ್! "ಚಾಲೂ ಆಯ್ತು! ನೋಡು, ಆಯ್ತು!" ಎಂದು ಚೀರಿದರು. ಅತ್ತೆ ಕೀಲಿ ಕಿತ್ತುಕೊಂಡು, ಚೀಲದಲ್ಲಿ ಪಂಪಿನ ಪಕ್ಕಕ್ಕೆ ಇಟ್ಟುಕೊಂಡರು.

ಮಾಮಾ ಕಣ್ಣೊರೆಸಿಕೊಳ್ಳಲು ಹೆಗಲಿಗೆ ಕೈ ಹಾಕಿದರು. ಟವೆಲ್ ಎಲ್ಲಿದೆ? ಮೈಲೂರಿನ ಗೇಟಿನ ಮೇಲೆ! ಅತ್ತೆ ತಮ್ಮ ಸೆರಗು ಮುಂದೆ ಚಾಚಿದರು.