ಒಂದನೇ ಕ್ಲಾಸ್ ಪಾಸಾದ ಮೇಡಂ

ಪರದೇಶದಲ್ಲಿ ಟೀಚರಾಗಲು ಹೊರಟವರು ಮೊದಲು ತಾವು ಟೀಚರೇ ಎಂದು ನಂಬಿಸಬೇಕು. ಹಾಗೆ ನಂಬಿಸಲು ಹೋದಾಗಲೆಲ್ಲ ನನಗೊಂದು ಫಜೀತಿ ಕಾದಿರುತ್ತದೆ. ಧಾರವಾಡದ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿದವಳು ನಾನು. ಹ್ಯೂಸ್ಟನ್‌ಗೆ ಬಂದು ಸೈಪ್ರೆಸ್‌ನಲ್ಲಿ ಮನೆ ಮಾಡಿದ ಮೇಲೆ ಇದ್ದದ್ದು ಒಂದೇ ಆಸೆ, ಮತ್ತೆ ಬೋರ್ಡಿನ ಮುಂದೆ ನಿಲ್ಲಬೇಕು.

ಫಸ್ಟ್ ಕ್ಲಾಸ್

ಮೊದಲು ನನ್ನ ಬಿ.ಎಡ್. ಪದವಿಯನ್ನು ಇಲ್ಲಿಯವರು ಒಪ್ಪಬೇಕಿತ್ತು. ಅದನ್ನು ಪರಿಶೀಲಿಸುವ ಡಲ್ಲಾಸ್‌ನ ಕಚೇರಿಯಿಂದ ಒಬ್ಬಾಕೆ ಫೋನ್ ಮಾಡಿ ನನ್ನ ಓದಿನ ಬಗ್ಗೆ ವಿಚಾರಿಸಿದಳು.

"ಐ ಪಾಸ್ಡ್ ಇನ್ ಫಸ್ಟ್ ಕ್ಲಾಸ್," ಎಂದೆ, ತುಸು ಜಂಬದಿಂದಲೇ.

ಆಕೆ ಬಹಳ ಮೆತ್ತಗೆ ಕೇಳಿದಳು: "ಒಂದನೇ ತರಗತಿ ಆದಮೇಲೆ ಮುಂದೆ ಓದಲು ಆಗಲಿಲ್ಲವೇ?"

ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಫೋನ್ ಇಟ್ಟರೆ, ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ ನನ್ನ ಯಜಮಾನರು, "ಒಂದನೇತ್ತಾ ಪಾಸಾದಾಕಿಗೆ ಚಹಾ ಮಾಡ್ಲಿಕ್ಕರೆ ಬರ್ತದೇನ?" ಎಂದರು.

ಎಡಗಡೆಯ ಟೆಕ್ಸಾಸ್

ಪದವಿಯನ್ನೇನೋ ಒಪ್ಪಿದರು. ಇನ್ನು ಇಂಗ್ಲಿಷ್ ಮಾತಾಡಲು ಬರುತ್ತದೆ ಎಂದು ಪರೀಕ್ಷೆ ಕೊಟ್ಟು ತೋರಿಸಬೇಕು. ಮಗಳೇ ನನಗೆ ಟೀಚರಾದಳು. ಕನ್ನಡದಲ್ಲಿ ನಮಗಿರುವುದು ಒಂದೇ ವ. ಇವರಿಗೆ ಎರಡು, ವಿ ಮತ್ತು ಡಬ್ಲ್ಯೂ. ಒಂದಕ್ಕೆ ತುಟಿ ಕಚ್ಚಬೇಕು, ಇನ್ನೊಂದಕ್ಕೆ ತುಟಿ ದುಂಡಗೆ ಮಾಡಬೇಕು. ನಾನು "ವೆಸ್ಟ್ ಟೆಕ್ಸಾಸ್" ಎಂದಾಗಲೆಲ್ಲ ಮಗಳು ತಲೆ ಚಚ್ಚಿಕೊಂಡು, "ಅಮ್ಮಾ, ದಟ್ಸ್ ಬನಿಯನ್ ಟೆಕ್ಸಾಸ್!" ಎನ್ನುತ್ತಿದ್ದಳು.

ವಾರವಿಡೀ ಕನ್ನಡಿ ಮುಂದೆ ತುಟಿ ದುಂಡಗೆ ಮಾಡಿದೆ. ಪರೀಕ್ಷೆಯಲ್ಲಿ, ನೀವು ಪ್ರವಾಸ ಹೋದ ಜಾಗದ ಬಗ್ಗೆ ಮಾತಾಡಿ ಎಂದರು. ನಾವು ಹೋಗಿದ್ದು ಆ ವೆಸ್ಟ್ ಟೆಕ್ಸಾಸಿಗೇ! ಮೈಕಿನ ಮುಂದೆ ಧೈರ್ಯ ಕೈಕೊಟ್ಟಿತು. "ಮ್ಯಾಪಿನಲ್ಲಿ ಟೆಕ್ಸಾಸಿನ ಎಡಗಡೆಗೆ ಹೋಗಿದ್ದೆವು" ಎಂದು ಇಂಗ್ಲಿಷಿನಲ್ಲಿ ಹೇಳಿ ಪಾಸಾದೆ.

ಡೌಟು

ಆಸ್ಟಿನ್ ಹತ್ತಿರದ ಟೇಲರ್ ಎಂಬ ಊರಿನ ಒಂದು ಶಾಲೆಯವರು ಪಾಠ ಮಾಡಿ ತೋರಿಸಿ ಎಂದು ಕರೆದರು. ಚೆನ್ನಾಗಿಯೇ ಮಾಡಿದೆ. ಕೊನೆಯಲ್ಲಿ ಅಭ್ಯಾಸಬಲದಿಂದ, "ಎನಿ ಡೌಟ್ಸ್?" ಎಂದು ಕೇಳಿದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಮತ್ತೆ ಕೇಳಿದೆ. ಮುಂದಿನ ಸಾಲಿನ ಹುಡುಗಿಗೆ ಕನಿಕರ ಉಕ್ಕಿ ಬಂತು.

"ನೋ ಮ್ಯಾಮ್," ಎಂದಳು. "ನಮಗೆ ನಿಮ್ಮ ಮೇಲೆ ಪೂರ್ತಿ ನಂಬಿಕೆ ಇದೆ."

ನಂಬಿಕೆ ಮಕ್ಕಳಿಗೆ ಮಾತ್ರ ಇತ್ತು. ಕೆಲಸ ಸಿಗಲಿಲ್ಲ.

ತಲೆ

ನಿಜ ಹೇಳುತ್ತೇನೆ, ಆಗ ಬಹಳ ಬೇಜಾರಾಗಿತ್ತು. ಇದೊಂದು ಸಲ ನೋಡಿ ಕೈಬಿಡುವುದು ಎಂದುಕೊಂಡೇ ಸೈಪ್ರೆಸ್‌ನ ನಮ್ಮ ಮನೆ ಹತ್ತಿರದ ಶಾಲೆಗೆ ಪಾಠ ಮಾಡಿ ತೋರಿಸಲು ಹೋದೆ. ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲ್ ಮೇಡಂ ಕೂತಿದ್ದರು.

ಒಬ್ಬ ಹುಡುಗಿ ಬೋರ್ಡಿನ ಮೇಲೆ ಲೆಕ್ಕ ಮಾಡಿ ಉತ್ತರ ಏಳು ಎಂದು ಬರೆದು ನನ್ನತ್ತ ನೋಡಿದಳು. ಸರಿಯಾಗಿತ್ತು. ನಾವು ಊರಲ್ಲಿ ಆಡಿಸುವ ಹಾಗೆ ತಲೆಯನ್ನು ಅತ್ತಿತ್ತ ಆಡಿಸಿದೆ. ಅವಳು ಅಳಿಸಿದಳು! ಮತ್ತೆ ಮಾಡಿದಳು, ಮತ್ತೆ ಏಳು. ಮತ್ತೆ ಆಡಿಸಿದೆ. ಮತ್ತೆ ಅಳಿಸಿದಳು. ಪಾಪ, ಎಷ್ಟು ಶ್ರದ್ಧೆ ಅಂದುಕೊಂಡೆ.

ಕೊನೆಗೆ ಅವಳು ಕಾಲು ನೆಲಕ್ಕೆ ಅಪ್ಪಳಿಸಿ, "ಮ್ಯಾಮ್, ನೀವು ಎಷ್ಟು ಸಲ ಇಲ್ಲ ಅಂದರೂ ಇದು ಏಳೇ!" ಎಂದು ತಾಳೆ ನೋಡಿ ತೋರಿಸಿಯೇಬಿಟ್ಟಳು. ಆಗ ಹೊಳೆಯಿತು ನನಗೆ, ನನ್ನ ತಲೆ ಏನು ಮಾಡಿತ್ತೆಂದು. ಈ ಕೆಲಸವೂ ಹೋಯಿತು ಎಂದುಕೊಂಡೆ.

ಪ್ರಿನ್ಸಿಪಾಲ್ ಎದ್ದು ಬಂದರು. "ಅದ್ಭುತ! ಉತ್ತರ ಬಿಟ್ಟುಕೊಡದೆ, ಮಗುವೇ ತನ್ನ ಉತ್ತರದ ಪರ ವಾದಿಸುವ ಹಾಗೆ ಮಾಡಿದಿರಿ. ಈ ವಿಧಾನ ಎಲ್ಲಿ ಕಲಿತಿರಿ?"

"ಧಾರವಾಡದಲ್ಲಿ," ಎಂದೆ. "ಅಲ್ಲಿ ಎಲ್ಲರಿಗೂ ಬರುತ್ತದೆ."

"ನಮ್ಮ ಶಾಲೆಗೆ ಸೇರುತ್ತೀರಾ?"

ಖುಷಿಯಲ್ಲಿ ಮತ್ತೆ ಹಳೇ ಅಭ್ಯಾಸದಂತೆ ತಲೆ ಆಡಿಸಿದೆ. ಅವರ ಮುಖ ಇಳಿದುಹೋಯಿತು. ಗಾಬರಿಯಾಗಿ, ತಲೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ನಿಲ್ಲಿಸಿ, "ಯೆಸ್! ಯೆಸ್!" ಎಂದು ಕೂಗಿದೆ.

"ಅಯ್ಯೋ, ತಲೆನೋವೇ?" ಎಂದರು ಪ್ರಿನ್ಸಿಪಾಲ್. "ಮನೆಗೆ ಹೋಗಿ ಮಲಗಿಕೊಳ್ಳಿ. ಸೋಮವಾರದಿಂದ ಕೆಲಸಕ್ಕೆ ಬಂದರೆ ಸಾಕು."