ರೊಟ್ಟಿ ಬಡಿತದ ಬಿ.ಎ.

ಗಂಡಸು ಒಬ್ಬನೇ ಕುಳಿತು ಓದಬೇಕಾದರೆ ಎಷ್ಟು ಜನ ದುಡಿಯಬೇಕು ಎಂಬುದು ಅವನ ಮನೆಯವರಿಗೇ ಗೊತ್ತು. ಗದ್ದಲ ಕೇಳದಂತೆ ಬಾಗಿಲು ಮುಂದೆ ಮಾಡಲು ಒಬ್ಬರು, ಚಹಾ ತರಲು ಒಬ್ಬರು, ‘ಭಾಳ ಓದಬ್ಯಾಡ್ರಿ, ತಲಿ ಬಿಸಿಯಾದೀತು’ ಎಂದು ಮರುಗಲು ಇನ್ನೊಬ್ಬರು. ನಮ್ಮ ಮನೆಯಲ್ಲಿ ಇದೆಲ್ಲ ನನ್ನ ಹೆಂಡತಿ ನೀಲಾಳ ಪಾಲಿಗೆ ಬಂದಿತ್ತು. ಹೆಂಗಸರ ಓದಿಗೆ ಏನು ಬೇಕೆಂದು ಮಾತ್ರ ನಾನು ಯೋಚಿಸಿರಲಿಲ್ಲ.

ಎಂಬತ್ತರ ದಶಕದ ಮಾತು. ಜೇವರ್ಗಿಯಲ್ಲಿ ಗುಮಾಸ್ತನಾಗಿದ್ದ ನಾನು ಅಂಚೆ ಮೂಲಕ ಬಿ.ಎ.ಗೆ ಕಟ್ಟಿದ್ದೆ. ನೆಲೋಗಿಯ ಮಾವನವರು ಹಿಗ್ಗಿ ಹೀರೆಕಾಯಿಯಾಗಿ, ಮೇಜು ಕುರ್ಚಿಯನ್ನು ಬಸ್ಸಿನ ಮೇಲೆ ಹೇರಿ ಕಳಿಸಿದರು. ‘ನಮ್ಮ ಅಳಿಯಾರು ಬಿ.ಎ. ಮಾಡಾಕತ್ತಾರ’ ಎಂದು ಊರತುಂಬ ಹೇಳಿದರು. ಅಂಥ ಮೇಜಿನ ಮುಂದೆ ಕುಳಿತೂ ನಾನು ಇತಿಹಾಸದಲ್ಲಿ ಫೇಲಾದೆ. ‘ನಿಮ್ಮ ಜೋಡಿ ನಾನೂ ಕಟ್ಟತೇನ್ರಿ’ ಎಂದು ಫೀಸು ತುಂಬಿದ್ದ ನೀಲಾ ಪಾಸಾಗಿದ್ದಳು. ಎರಡನೆಯ ಸಲವೂ ಬಿದ್ದರೆ ನೆಲೋಗಿಯಲ್ಲಿ ತಲೆಯೆತ್ತುವಂತಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಒಂದು ಸಂಜೆ ಚಹಾ ಬರಲಿಲ್ಲವೆಂದು ಸಿಟ್ಟಿನಿಂದ ಅಡುಗೆಮನೆಗೆ ಹೋದೆ. ನನ್ನದೇ ಇತಿಹಾಸದ ಪಾಠ ಹಿಟ್ಟಿನ ಡಬ್ಬಿಗೆ ಒರಗಿ ನಿಂತಿತ್ತು. ನೀಲಾ ರೊಟ್ಟಿ ಬಡಿಯುತ್ತ, ಅದೇ ಲಯಕ್ಕೆ ಪಾಠ ಒಪ್ಪಿಸುತ್ತಿದ್ದಳು.

‘ಇದೇನ್ ನಡಿಸೀದಿ?’ ಎಂದೆ.

‘ಬಹಮನಿ ಸುಲ್ತಾನರು ಮುಗಿಯಾಕ ಬಂದಾರ್ರಿ. ಹೋದ ಸಲ ಹಿಂಗ ಓದೇ ಪಾಸಾಗೇನ್ರಿ, ಈಗ ನಿಮ್ಮ ಸಲುವಾಗಿ ಮತ್ತ ತೆಗದೇನಿ. ಅಲ್ಲೇ ಕುಂದರ್ರಿ, ನೀವೂ ಕೇಳ್ರಿ.’

ಕುಳಿತೆ. ಒಂದು ರೊಟ್ಟಿ ಅಗಲವಾಗುವಷ್ಟರಲ್ಲಿ ಒಬ್ಬ ಸುಲ್ತಾನ ಪಟ್ಟಕ್ಕೇರುತ್ತಿದ್ದ, ಅದು ಹಂಚಿಗೆ ಬಿದ್ದರೆ ಅವನ ಕಥೆ ಮುಗಿಯುತ್ತಿತ್ತು. ಮರುದಿನದಿಂದ ನನ್ನ ಓದು ಒಲೆಯ ಪಕ್ಕದಲ್ಲೇ. ಮಾವನವರ ಮೇಜಿನ ಮೇಲೆ ನೀಲಾ ಹಪ್ಪಳ ಒಣಗಿಸತೊಡಗಿದಳು.

ಪರೀಕ್ಷೆಯ ದಿನ ಬಹಮನಿಯ ಪ್ರಶ್ನೆಯೇ ಬಂದಿತ್ತು. ಆದರೆ ಆ ನಿಶ್ಶಬ್ದದಲ್ಲಿ ಒಬ್ಬ ಸುಲ್ತಾನನೂ ನೆನಪಾಗಲೊಲ್ಲ! ನನಗೇ ಗೊತ್ತಿಲ್ಲದಂತೆ ಎಡಗೈ ಬೆಂಚಿನ ಮೇಲೆ ಪಟಪಟ ಬಡಿಯಿತು. ಮೊದಲನೆಯವನು ಬಂದ. ಇನ್ನಷ್ಟು ಬಡಿದೆ, ಎರಡನೆಯವನೂ ಬಂದ. ಅವನ ಹಿಂದೆಯೇ ಮೇಲ್ವಿಚಾರಕರೂ ಬಂದರು. ನಮ್ಮ ಸೀಮೆಯವರಿಗೆ ಆ ಸದ್ದಿನ ಗುರುತು ಹೇಳಬೇಕೇ?

‘ಏನ್ರೀ, ಪರೀಕ್ಷಾ ಬರಿಯಾಕ ಬಂದೀರೋ, ರೊಟ್ಟಿ ಬಡಿಯಾಕ ಬಂದೀರೋ?’

‘ಎರಡೂ ಒಂದೇ ರೀ ಸರ್’ ಎಂದುಬಿಟ್ಟೆ. ಅವರು ಕಣ್ಣು ಕೆಂಪಗೆ ಮಾಡಿದರು. ಉಳಿದ ಸುಲ್ತಾನರನ್ನೆಲ್ಲ ತೊಡೆಯ ಮೇಲೆ ಮೆಲ್ಲಗೆ ಬಡಿದುಕೊಂಡೇ ಬರೆದೆ.

ಪಾಸಾದೆ! ಮಾವನವರು ಪೇಢೆ ಹಿಡಿದುಕೊಂಡು ಬಂದು, ‘ನೌಕರಿ ಮಾಡಿಕೋತ ಹೆಂಗ ಓದಿದ್ರಿ ಅಳಿಯಾರೇ?’ ಎಂದರು.

ನಾನು ಗೋಡೆಗೆ ಒರಗಿ, ‘ಸ್ವಂತ ಓದು ಮಾವಾರ. ಯಾರ ಸಹಾಯನೂ ತಗೊಳ್ಳಿಲ್ಲ’ ಎಂದೆ.

ಒಳಗೆ ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು. ನಾನು ಕೂಡಲೇ ನೆಲೋಗಿಯ ಜೋಳದ ಬೆಳೆಯ ಬಗ್ಗೆ ವಿಚಾರಿಸತೊಡಗಿದೆ.